ಬಲೆನೊ ಆರ್‌ಎಸ್‌ಗೆ ಮೊದಲು ಬೇಕಿರುವುದು ರೀಮ್ಯಾಪ್ ಅಲ್ಲ, ಬುಶ್

ಪ್ರಶ್ನೆ: ನಾನು ಮಂಡ್ಯದವನು. ಕೆಲಸ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ. ದಿನಾ ಹೋಗಿ ಬರಲು ಸುಮಾರು 90 ಕಿಲೋಮೀಟರ್. ಎರಡು ವರ್ಷದ ಹಿಂದೆ 2017ರ ಮಾರುತಿ ಸುಜುಕಿ ಬಲೆನೊ ಆರ್‌ಎಸ್ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆ. ಈಗ 98,000 ಕಿ.ಮೀ. ಓಡಿದೆ. ಮೊದಲಿನ ಪಿಕಪ್ ಇಲ್ಲ. 90 ದಾಟಿದರೆ ಸ್ಟಿಯರಿಂಗ್ ನಡುಗುತ್ತದೆ. ಹಂಪ್ ಮೇಲೆ ಮುಂದೆ ಟಕಟಕ ಸದ್ದು. 17 ಕೊಡುತ್ತಿದ್ದ ಮೈಲೇಜ್ 13.5ಕ್ಕೆ ಇಳಿದಿದೆ. 1.5 ಲಕ್ಷ ಕೂಡಿಟ್ಟಿದ್ದೇನೆ. ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವುದು), 17 ಇಂಚಿನ ಅಲಾಯ್ ಚಕ್ರ, ಕಾರು ತಗ್ಗಿಸುವ ಲೋಯರಿಂಗ್ ಸ್ಪ್ರಿಂಗ್, ದೊಡ್ಡ ಸೈಲೆನ್ಸರ್ ಹಾಕಿಸೋಣ ಅಂತಿದ್ದೇನೆ. ಮಂಡಿನೋವಿರುವ ಅಪ್ಪನನ್ನೂ ವಾರಕ್ಕೊಮ್ಮೆ ಇದರಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಯಾವುದು ಮೊದಲು ಮಾಡಲಿ?

ಉತ್ತರ: ನಮಸ್ಕಾರ. ನಿಮ್ಮ ಹತ್ತಿರ ಒಳ್ಳೆಯ ಕಾರಿದೆ. ಆರ್‌ಎಸ್ ಬಂದದ್ದು 2017ರ ಮಾರ್ಚ್‌ನಲ್ಲಿ. ಬಿಎಸ್-6 ಹೊಗೆ ನಿಯಮ ಬರುವ ಹೊತ್ತಿಗೆ, ಅಂದರೆ 2020ರಲ್ಲಿ, ನಿಂತೇ ಹೋಯಿತು. 950 ಕೆ.ಜಿ. ತೂಕ, 102 ಪಿಎಸ್ ಶಕ್ತಿ, 1700 ಆರ್‌ಪಿಎಂನಿಂದಲೇ ಸಿಗುವ 150 ನ್ಯೂಟನ್ ಮೀಟರ್ ಟಾರ್ಕ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಮನೆ ಮಂದಿಯೆಲ್ಲ ಕೂತು ಹೋಗಬಹುದಾದ, ಓಡಿಸುವವನಿಗೂ ಖುಷಿ ಕೊಡುವ ಕಾರು. ಅದನ್ನು ಉಳಿಸಿಕೊಳ್ಳಬೇಕು ಅನ್ನುವ ನಿಮ್ಮ ಆಸೆ ನನಗೆ ತುಂಬ ಇಷ್ಟವಾಯಿತು.

ಆದರೆ ನೀವು ಬರೆದಿರುವ ನಾಲ್ಕು ದೂರನ್ನು ಒಂದು ಕಡೆ ಇಡಿ, ಹಾಕಿಸಬೇಕು ಅಂದುಕೊಂಡಿರುವ ನಾಲ್ಕು ಸಾಮಾನನ್ನು ಇನ್ನೊಂದು ಕಡೆ ಇಡಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಟಕಟಕ ಸದ್ದಿಗೆ ಲೋಯರಿಂಗ್ ಸ್ಪ್ರಿಂಗ್ ಮದ್ದಲ್ಲ. ನಡುಕಕ್ಕೆ 17 ಇಂಚು ಮದ್ದಲ್ಲ. ಪಿಕಪ್ ಎಲ್ಲಿ ಹೋಯಿತು ಅಂತ ಗೊತ್ತಿಲ್ಲದೆ ರೀಮ್ಯಾಪ್ ಮಾಡಿಸಿದರೆ, ಇರುವ ತೊಂದರೆಯ ಮೇಲೆ ಇನ್ನಷ್ಟು ಭಾರ ಹೇರಿದಂತೆ. ನಿಮ್ಮ ಕಾರಿಗೆ ಶಕ್ತಿ ಕಡಿಮೆ ಇಲ್ಲ, ದಣಿದಿದೆ ಅಷ್ಟೇ. ಫ್ಯಾಕ್ಟರಿಯಿಂದ ಬಂದಾಗ ಹೇಗಿತ್ತೋ ಅಲ್ಲಿಗೆ ಅದನ್ನು ಮೊದಲು ವಾಪಸ್ ತನ್ನಿ.

ಎಲ್ಲಕ್ಕಿಂತ ಮುಂಚೆ ಬ್ರೇಕ್. ಈ ವಾರವೇ ನೋಡಿಸಿ. 2016ರ ಅಕ್ಟೋಬರ್ 27ರಿಂದ 2019ರ ನವೆಂಬರ್ 1ರವರೆಗೆ ತಯಾರಾದ 7,213 ಬಲೆನೊ ಆರ್‌ಎಸ್ ಕಾರುಗಳನ್ನು ಕಂಪನಿ 2023ರ ಏಪ್ರಿಲ್‌ನಲ್ಲಿ ತಪಾಸಣೆಗೆ ವಾಪಸ್ ಕರೆದಿತ್ತು. ಬ್ರೇಕ್‌ಗೆ ನೆರವಾಗುವ ವ್ಯಾಕ್ಯೂಮ್ ಪಂಪ್‌ನಲ್ಲಿ ದೋಷ ಇರಬಹುದು ಅನ್ನುವುದು ಕಾರಣ. ನಿಮ್ಮದು 2017ರ ಗಾಡಿ, ಅದೇ ಅವಧಿಯದ್ದು. ನೀವು ಎರಡನೇ ಮಾಲೀಕರು. ಕಂಪನಿಯ ಪತ್ರವೋ ಫೋನೋ ಬಂದಿದ್ದರೂ ಹಳೆಯ ಮಾಲೀಕರಿಗೆ ಬಂದಿರುತ್ತದೆ. ಆರ್‌ಸಿಯಲ್ಲಿರುವ ಚಾಸಿ ನಂಬರ್ ತಗೊಂಡು ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಆ ಕೆಲಸ ಆಗಿಲ್ಲದಿದ್ದರೆ ಮೊದಲು ಮಾಡಿಸಿ.

ಈ ಪಂಪ್ ಯಾಕಿದೆ ಅಂತ ಹೇಳಿಬಿಡುತ್ತೇನೆ. ಸಾಮಾನ್ಯ ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಹುಟ್ಟುವ ನಿರ್ವಾತವೇ ಬ್ರೇಕ್ ಬೂಸ್ಟರ್‌ಗೆ ಸಾಕಾಗುತ್ತದೆ. ನಿಮ್ಮದರಂಥ ಟರ್ಬೊ ಎಂಜಿನ್‌ನಲ್ಲಿ ಗಾಳಿಯನ್ನು ಒಳಗೆ ತಳ್ಳುವುದರಿಂದ ಆ ನಿರ್ವಾತ ಎಲ್ಲ ಹೊತ್ತಿನಲ್ಲೂ ಸಿಗುವುದಿಲ್ಲ. ಅದಕ್ಕೇ ಬೇರೆ ಪಂಪ್. ಅದು ಕೈಕೊಟ್ಟರೆ ಬ್ರೇಕ್ ಪೂರ್ತಿ ಹೋಗುವುದಿಲ್ಲ, ಆದರೆ ಪೆಡಲ್ ಗಟ್ಟಿಯಾಗುತ್ತದೆ, ಜಾಸ್ತಿ ಒತ್ತಬೇಕಾಗುತ್ತದೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಎಂಜಿನ್ ಆಫ್ ಮಾಡಿ ಪೆಡಲನ್ನು ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಿ. ಹಾಗೇ ಕಾಲಿಟ್ಟುಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಆ ಕಾರು ತಗೊಂಡು ಹೈವೇಗೆ ಹೋಗಬೇಡಿ.

ಬ್ರೇಕ್ ಆಯಿಲನ್ನೂ ಬದಲಿಸಿ. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಸೇರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯಬಹುದು. ಚಾಮುಂಡಿ ಬೆಟ್ಟದಿಂದ ಬ್ರೇಕ್ ಒತ್ತಿಕೊಂಡೇ ಇಳಿದವರಿಗೆ ಕೆಳಗೆ ಬರುವಷ್ಟರಲ್ಲಿ ಪೆಡಲ್ ಮೆತ್ತಗಾದ ಅನುಭವ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಯಾವ ದರ್ಜೆ ಹಾಕಬೇಕು ಅಂತ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಹಿಂದಿನ ಕ್ಯಾಲಿಪರ್ ಪಿನ್‌ಗಳನ್ನು ಬಿಚ್ಚಿ, ತೊಳೆದು, ಗ್ರೀಸ್ ಹಾಕಿಸಿ. ನಮ್ಮ ಕಡೆಯ ಧೂಳಿಗೆ ಅವು ಜಾಮ್ ಆಗುವುದು ಜಾಸ್ತಿ. ಜಾಮ್ ಆದ ಕ್ಯಾಲಿಪರ್ ಮೈಲೇಜನ್ನೂ ತಿನ್ನುತ್ತದೆ. ಹತ್ತು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದೇ ಚಕ್ರ ಜಾಸ್ತಿ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಂತ ಅರ್ಥ.

ಈಗ ಟಕಟಕ ಸದ್ದಿಗೆ ಬರೋಣ. ಇದನ್ನೇ ನಾನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಕಾರು ಹೊಸದರಂತೆ ಅನ್ನಿಸುವುದೋ ಹಳತು ಅನ್ನಿಸುವುದೋ, ಅರ್ಧಕ್ಕರ್ಧ ಇಲ್ಲೇ ತೀರ್ಮಾನವಾಗುತ್ತದೆ. 98,000 ಕಿ.ಮೀ. ಅಂದರೆ ರಬ್ಬರಿಗೆ ವಯಸ್ಸಾಗಿದೆ. ಲೋಯರ್ ಆರ್ಮ್ ಬುಶ್ (ಚಕ್ರ ಹಿಡಿಯುವ ತೋಳಿನ ರಬ್ಬರ್ ತುಂಡು), ಬಾಲ್ ಜಾಯಿಂಟ್, ಸ್ಟೆಬಿಲೈಸರ್ ಲಿಂಕ್ ರಾಡ್, ಸ್ಟ್ರಟ್ ಮೌಂಟ್, ಕೊನೆಗೆ ಶಾಕ್ ಅಬ್ಸಾರ್ಬರ್, ಈ ಕ್ರಮದಲ್ಲಿ ನೋಡಿಸಿ. ಸಣ್ಣ ಸಣ್ಣ ಕುಣಿಯಲ್ಲಿ ನಿಧಾನ ಹೋಗುವಾಗ ಕಟಕಟ ಅಂದರೆ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸುವಾಗ ಮೇಲಿನಿಂದ ಟಂಗ್ ಅಂದರೆ ಸ್ಟ್ರಟ್ ಮೌಂಟ್ ಮೇಲೆ. ಬ್ರೇಕ್ ಹಾಕಿದಾಗ ಧಡ್ ಅಂದರೆ ಆರ್ಮ್ ಬುಶ್ ಮೇಲೆ. ಈ ಸದ್ದುಗಳನ್ನು ಮೆಕ್ಯಾನಿಕ್‌ಗೆ ಬಾಯಲ್ಲಿ ಹೇಳಿದರೆ ಸಾಲದು. ಪಕ್ಕದಲ್ಲಿ ಕೂರಿಸಿಕೊಂಡು ಒಂದು ರೌಂಡ್ ಹೋಗಿ, ಕೇಳಿಸಿ.

ಒಂದು ಮಾತು ಮರೆಯಬೇಡಿ. ಆರ್ಮ್ ಬುಶ್‌ನ ಬೋಲ್ಟ್‌ಗಳನ್ನು ಕಾರು ಲಿಫ್ಟ್ ಮೇಲೆ ತೂಗುತ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ಆ ರಬ್ಬರ್ ಒಳಗಿನ ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ. ಚಕ್ರ ಇಳಿಬಿದ್ದಾಗ ಬಿಗಿ ಮಾಡಿದರೆ, ಕಾರು ನೆಲಕ್ಕೆ ಇಳಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ. ಆರು ತಿಂಗಳಲ್ಲಿ ಹರಿಯುತ್ತದೆ. ಚಕ್ರದ ಮೇಲೆ ಕಾರಿನ ಭಾರ ಬಿದ್ದ ಮೇಲೆ ಕೊನೆಯ ಬಿಗಿ ಕೊಡಬೇಕು. ಹೊಸ ಬುಶ್ ಹಾಕಿಸಿಯೂ ಸದ್ದು ವಾಪಸ್ ಬಂತು ಅಂತ ನನ್ನಲ್ಲಿಗೆ ಬಂದ ಎಷ್ಟೋ ಕಾರುಗಳಲ್ಲಿ ಇದೊಂದೇ ತಪ್ಪು ಸಿಕ್ಕಿದೆ. ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ಸುಮ್ನೆ ಒಂದು ಮಾತು ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಶಾಕ್ ಅಬ್ಸಾರ್ಬರ್ ಬದಲಿಸಿದರೆ ಎಡ ಬಲ ಜೊತೆಯಾಗಿ ಬದಲಿಸಿ. ಬಾನೆಟ್ ಒತ್ತಿ ನೋಡುವ ಪರೀಕ್ಷೆಯನ್ನು ನಂಬಬೇಡಿ. ಎಣ್ಣೆ ಜಿನುಗಿದೆಯಾ ನೋಡಿ. ಟೈರ್ ಮೇಲೆ ಅಂಗೈ ಆಡಿಸಿ. ಮೇಲ್ಮೈ ಅಲೆ ಅಲೆಯಾಗಿ ಸವೆದಿದ್ದರೆ ಶಾಕ್ ಸೋತಿದೆ. ಸ್ಪ್ರಿಂಗ್ ಮಾತ್ರ ಒರಿಜಿನಲ್ ಇರಲಿ. ಲೋಯರಿಂಗ್ ಸ್ಪ್ರಿಂಗ್ ಬೇಡ ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ನಿಮ್ಮ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 170 ಮಿ.ಮೀ. ಅದರಲ್ಲಿ 30 ತೆಗೆದರೆ, ಅಪ್ಪ ಹಿಂದೆ ಕೂತಾಗ ಮಂಡ್ಯದ ಒಳರಸ್ತೆಯ ಹಂಪ್‌ಗಳು ಕೆಳಗೆ ಉಜ್ಜುತ್ತವೆ. ಶಾಕ್‌ಗೆ ಓಡಾಡಲು ಜಾಗ ಕಡಿಮೆಯಾಗಿ ಬೇಗ ಸಾಯುತ್ತದೆ. ಇನ್ನೊಂದು, ಮಂಡಿನೋವಿರುವವರಿಗೆ ತಗ್ಗಿನ ಸೀಟಿನಿಂದ ಏಳುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಅವರಿಗೆ ಆ 30 ಮಿ.ಮೀ. ತುಂಬ ದೊಡ್ಡದು.

90ರ ನಂತರದ ನಡುಕ ಬಹುಮಟ್ಟಿಗೆ ಚಕ್ರದ್ದು. ಮೊದಲು ಬ್ಯಾಲೆನ್ಸಿಂಗ್. ಆಗ ಯಂತ್ರದ ಮೇಲೆ ರಿಮ್ ತಿರುಗುವುದನ್ನು ಕಣ್ಣಾರೆ ನೋಡಿ. ಅಂಚು ಕುಣಿದರೆ ರಿಮ್ ಬೆಂಡಾಗಿದೆ. ಆಮೇಲೆ ಟೈರಿನ ವಯಸ್ಸು. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2318 ಅಂತಿದ್ದರೆ 2018ರ 23ನೇ ವಾರ ತಯಾರಾದದ್ದು. ಅಂಥ ಟೈರಿನಲ್ಲಿ ಗೆರೆ ಎಷ್ಟು ಉಳಿದಿದ್ದರೂ ರಬ್ಬರ್ ಕಲ್ಲಾಗಿರುತ್ತದೆ. ಮಳೆಯಲ್ಲಿ ಹಿಡಿಯುವುದಿಲ್ಲ. ಇದರ ಜೊತೆಗೆ, ಬ್ರೇಕ್ ಒತ್ತಿದಾಗ ಮಾತ್ರ ನಡುಕ ಬರುತ್ತದೆಯಾ ಅಂತಲೂ ಗಮನಿಸಿ. ಹಾಗಿದ್ದರೆ ತೊಂದರೆ ಡಿಸ್ಕ್‌ನದ್ದು, ಟೈರಿನದ್ದಲ್ಲ.

17 ಇಂಚಿನ ಲೆಕ್ಕ ನೋಡೋಣ. ಈಗಿರುವುದು 195/55 ಆರ್16. ಟೈರಿನ ಪಕ್ಕದ ಗೋಡೆ ಸುಮಾರು 107 ಮಿ.ಮೀ. 205/45 ಆರ್17 ಹಾಕಿದರೆ ಅದು 92ಕ್ಕೆ ಇಳಿಯುತ್ತದೆ. ಕಣ್ಣಿಗೆ ಚೆಂದ ಕಾಣುತ್ತದೆ, ನಿಜ. ಆದರೆ ಹೋದ ಆ 15 ಮಿ.ಮೀ. ರಬ್ಬರೇ ಇಷ್ಟು ದಿನ ರಿಮ್ ಕಾಯುತ್ತಿತ್ತು. ಎಕ್ಸ್‌ಪ್ರೆಸ್‌ವೇಯಲ್ಲಿ ಏನೂ ಅನ್ನಿಸದಿರಬಹುದು. ಸರ್ವಿಸ್ ರಸ್ತೆಗೆ ಇಳಿದಾಗ, ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರ್‌ನಿಂದ ಬಿದ್ದ ಜಲ್ಲೆಗಳ ಮೇಲೆ, ಕತ್ತಲಲ್ಲಿ ಕಾಣದ ಗುಂಡಿಯಲ್ಲಿ ಅದರ ಬೆಲೆ ತಿಳಿಯುತ್ತದೆ. 16 ಇಂಚಿನಲ್ಲೇ ಇದ್ದು, ಅದೇ ಅಳತೆಯಲ್ಲಿ ಒದ್ದೆ ರಸ್ತೆಗೆ ಹೆಸರಾದ ಒಳ್ಳೆಯ ಟೈರ್ ನಾಲ್ಕೂ ಹಾಕಿಸಿ. ವಿಕ್ರಾಂತ್ ಟೈರ್ ಕಂಪನಿಯ ಕಾಲದಿಂದ ಟೈರ್ ಮಾಡುತ್ತಿರುವ ಊರು ಮೈಸೂರು, ಇಲ್ಲಿ ಟೈರ್ ಬಲ್ಲ ಅಂಗಡಿಯವರಿಗೆ ಬರವಿಲ್ಲ. ನಾಲ್ಕೈದು ಕಡೆ ಕೇಳಿ, ತಯಾರಾದ ವಾರ ನೋಡಿ ಕೊಳ್ಳಿ. ಅಲೈನ್‌ಮೆಂಟ್ ಮಾತ್ರ ಬುಶ್, ಶಾಕ್ ಕೆಲಸ ಎಲ್ಲ ಮುಗಿದ ಮೇಲೆ. ಮೊದಲೇ ಮಾಡಿಸಿದರೆ ದುಡ್ಡು ದಂಡ.

ಇನ್ನು ಪಿಕಪ್. ಸುಲಭದ್ದರಿಂದ ಶುರು ಮಾಡೋಣ. ಕ್ಲಚ್ ಜಾರುತ್ತಿದೆಯಾ ನೋಡಿ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್‌ನಲ್ಲಿ 2000 ಆರ್‌ಪಿಎಂ ಇದ್ದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಜಿಗಿದು ಸ್ಪೀಡ್ ಹಿಂದೆಯೇ ಉಳಿದರೆ ಕ್ಲಚ್ ಮುಗಿದಿದೆ. ಅಂಥ ಕ್ಲಚ್ ಮೇಲೆ ರೀಮ್ಯಾಪ್ ಹಾಕಿಸಿಕೊಂಡ ಹುಡುಗನೊಬ್ಬನ ಕಾರನ್ನು ಶ್ರೀರಂಗಪಟ್ಟಣದ ಹತ್ತಿರದಿಂದ ಎಳೆಸಿಕೊಂಡು ಬಂದಿದ್ದೇವೆ. ಹಾಕಿಸಿ ಒಂದು ವಾರ ಆಗಿರಲಿಲ್ಲ. ಅವನ ಮುಖ ನನಗೆ ಇನ್ನೂ ನೆನಪಿದೆ.

ಕ್ಲಚ್ ಸರಿ ಇದ್ದರೆ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ಪೈಪು, ಅದರ ಕ್ಲಾಂಪ್‌ಗಳನ್ನು ನೋಡಿಸಿ. ಪೈಪಿನಲ್ಲಿ ಸಣ್ಣ ಬಿರುಕಿದ್ದರೂ ಟರ್ಬೊ ತಳ್ಳಿದ ಗಾಳಿ ಸೋರಿ ಹೋಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಹೊಸದಾಗಿ ಸುಯ್ ಅನ್ನುವ ಸದ್ದು ಬರುತ್ತಿದ್ದರೆ ಇದೇ ಇರಬಹುದು.

ಇದೆಲ್ಲ ಸರಿ ಇದ್ದೂ ಕಾರು ಮಂಕಾಗಿದ್ದರೆ ಇನ್‌ಟೇಕ್ ವಾಲ್ವ್ ಮೇಲಿನ ಕಾರ್ಬನ್ ನೋಡಬೇಕು. ನಿಮ್ಮ ಬೂಸ್ಟರ್‌ಜೆಟ್ ಡೈರೆಕ್ಟ್ ಇಂಜೆಕ್ಷನ್ ಎಂಜಿನ್. ಹಳೆಯ ಬಗೆಯ ಎಂಜಿನ್‌ನಲ್ಲಿ ಪೆಟ್ರೋಲ್ ವಾಲ್ವ್‌ನ ಹಿಂದೆ ಚಿಮ್ಮುತ್ತದೆ, ವಾಲ್ವ್ ತನ್ನಷ್ಟಕ್ಕೆ ತೊಳೆದುಕೊಳ್ಳುತ್ತದೆ. ಇದರಲ್ಲಿ ಪೆಟ್ರೋಲ್ ನೇರ ಸಿಲಿಂಡರ್ ಒಳಗೆ ಬೀಳುತ್ತದೆ. ಎಂಜಿನ್ ಆಯಿಲ್‌ನ ಹಬೆ ಮಾತ್ರ ವಾಲ್ವ್ ದಾರಿಯಲ್ಲಿ ಬಂದು, ಬಿಸಿಗೆ ಸುಟ್ಟು, ಒಲೆಯ ಮೇಲಿನ ಮಸಿಯಂತೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಟ್ಯಾಂಕಿಗೆ ಸುರಿಯುವ ಯಾವ ಕ್ಲೀನರ್ ಬಾಟಲಿಯೂ ಆ ವಾಲ್ವನ್ನು ಮುಟ್ಟುವುದಿಲ್ಲ. ಇಂಜೆಕ್ಟರ್‌ಗೆ ಒಳ್ಳೆಯದಾಗಬಹುದು, ವಾಲ್ವ್‌ಗಲ್ಲ. ಸಣ್ಣ ಕ್ಯಾಮೆರಾ ಇಳಿಸಿ ನೋಡುವ ವರ್ಕ್‌ಶಾಪ್ ಹುಡುಕಿ. ಮಸಿ ದಪ್ಪಗಿದ್ದರೆ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟು ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹಾಯಿಸಿ ತೆಗೆಯುತ್ತಾರೆ. ಆ ಪುಡಿ ಮಸಿಯನ್ನು ಕೀಳುತ್ತದೆ, ಲೋಹಕ್ಕೆ ಗಾಯ ಮಾಡುವುದಿಲ್ಲ. ಕೆಲಸ ಮಾಡುವಾಗ ಆ ಸಿಲಿಂಡರ್‌ನ ವಾಲ್ವ್ ಪೂರ್ತಿ ಮುಚ್ಚಿರಬೇಕು, ಇಲ್ಲದಿದ್ದರೆ ಪುಡಿ ಒಳಗೆ ಬೀಳುತ್ತದೆ. ಮಾಡಿ ಗೊತ್ತಿರುವವರ ಕೈಯಲ್ಲೇ ಮಾಡಿಸಿ.

ಎಂಜಿನ್ ಆಯಿಲ್‌ನಲ್ಲಿ ಉಳಿತಾಯ ಬೇಡ. ಮ್ಯಾನುಯಲ್‌ನಲ್ಲಿರುವ ಗ್ರೇಡ್‌ನಲ್ಲೇ ಫುಲ್ ಸಿಂಥೆಟಿಕ್ ಹಾಕಿ, ಡಬ್ಬಿಯ ಮೇಲೆ ಎಪಿಐ ಎಸ್‌ಪಿ ಅಂತಿರಲಿ. ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಉರಿದು ಪಿಸ್ಟನ್‌ಗೆ ಪೆಟ್ಟು ಬೀಳುವುದುಂಟು. 2020ರಲ್ಲಿ ಬಂದ ಈ ದರ್ಜೆಯಲ್ಲಿ ಅದಕ್ಕೂ ಪರೀಕ್ಷೆ ಇದೆ. ಐದನೇ ಗೇರ್‌ನಲ್ಲಿ 1300ಕ್ಕೆ ಇಳಿದಾಗ ಆಕ್ಸಿಲರೇಟರ್ ಪೂರ್ತಿ ಒತ್ತುವ ಅಭ್ಯಾಸವಿದ್ದರೆ ಬಿಡಿ, ಒಂದು ಗೇರ್ ಇಳಿಸಿ. ಆಯಿಲನ್ನು ನಾನಾದರೆ 7,500ಕ್ಕೇ ಬದಲಿಸುತ್ತೇನೆ.

ಮೈಲೇಜ್ ವಿಚಾರ. ಬಂಕ್‌ಗಳಲ್ಲಿ ಈಗ ಸಿಗುವುದು ಇ20, ಅಂದರೆ ನೂರಕ್ಕೆ 20 ಭಾಗ ಎಥನಾಲ್. ನಮ್ಮ ಜಿಲ್ಲೆಯ ಗದ್ದೆಯಲ್ಲಿ ಬೆಳೆಯುವ ಕಬ್ಬಿನ ಕಾಕಂಬಿಯಿಂದಲೂ ಆಗುವ ಅದೇ ಎಥನಾಲ್. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಇ10ನಿಂದ ಇ20ಗೆ ಬಂದಾಗ ನೂರಕ್ಕೆ ಮೂರ್ನಾಲ್ಕು ಭಾಗ ಮೈಲೇಜ್ ಇಳಿಯುವುದು ಸಹಜ. ನಿಮ್ಮ 17 ಅದರಿಂದ 16.5ರ ಹತ್ತಿರ ಬರಬೇಕು, 13.5 ಅಲ್ಲ. ಉಳಿದ ಮೂರು ಕಿಲೋಮೀಟರ್ ಹಿಡಿದ ಬ್ರೇಕ್, ಜಾರುವ ಕ್ಲಚ್, ಮಸಿ ಅಥವಾ ಸೋರುವ ಪೈಪಿನಲ್ಲಿದೆ. ಹಳೆಯ ಗಾಡಿಯಾದ್ದರಿಂದ ಪೆಟ್ರೋಲ್ ಹೋಸ್‌ಗಳನ್ನೂ ಒಮ್ಮೆ ಮುಟ್ಟಿ ನೋಡಿಸಿ. ಉಬ್ಬಿದ್ದರೆ, ಬಿರುಕಿದ್ದರೆ ಬದಲಿಸಿ.

ಎಂಜಿನ್ ಮೌಂಟ್ ಮರೆಯಬೇಡಿ. ಮೂರು ಸಿಲಿಂಡರ್ ಎಂಜಿನ್‌ಗೆ ಹುಟ್ಟಿನಿಂದಲೇ ಸ್ವಲ್ಪ ಕುಲುಕಾಟ ಇರುತ್ತದೆ. ಅದನ್ನು ಮೌಂಟ್‌ನ ರಬ್ಬರ್ ನುಂಗಿಕೊಳ್ಳಬೇಕು. ಸಿಗ್ನಲ್‌ನಲ್ಲಿ ಎಸಿ ಹಾಕಿ ನಿಂತಾಗ ಕನ್ನಡಿ ನಡುಗುತ್ತಿದ್ದರೆ ಮೌಂಟ್ ಹೋಗಿದೆ. ಹೊಸದು ಹಾಕಿಸಿದ ದಿನ ನಿಮಗೆ ಕಾರೇ ಬದಲಾದಂತೆ ಅನ್ನಿಸುತ್ತದೆ. ಆರ್‌ಎಸ್‌ಗೆ ಮಾತ್ರ ಸೇರಿದ ಭಾಗಗಳು ಕೌಂಟರ್‌ನಲ್ಲಿ ತಕ್ಷಣ ಸಿಗದಿರಬಹುದು. ಪಾರ್ಟ್ ನಂಬರ್ ಬರೆಸಿ ಮೊದಲೇ ಆರ್ಡರ್ ಕೊಡಿ, ಸಾಮಾನು ಕೈಗೆ ಬಂದ ಮೇಲೆ ಕಾರು ಬಿಚ್ಚಿಸಿ. ದಿನಾ ಓಡಾಡುವ ಕಾರು ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಂತರೆ ನಿಮ್ಮ ಕೆಲಸದ ಗತಿ ಏನು?

ಈಗ ನಿಮ್ಮ ಮನಸ್ಸಿನಲ್ಲಿರುವ ರೀಮ್ಯಾಪ್. ಇದೇ ಎಂಜಿನ್ ಹೊರದೇಶಗಳಲ್ಲಿ ಸುಮಾರು 111 ಪಿಎಸ್ ಕೊಡುತ್ತಿತ್ತು. ಆದ್ದರಿಂದ ಸ್ವಲ್ಪ ಜಾಗ ಇದೆ ಅನ್ನುವುದು ಸುಳ್ಳಲ್ಲ. ಆದರೂ ಈಗ ಬೇಡ ಅಂತ ಹೇಳುತ್ತೇನೆ. ನೀವು ಓಡಾಡುವ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ 100ರ ಮಿತಿ ಇದೆ, ಕ್ಯಾಮೆರಾಗಳಿವೆ. ಆ 100ಕ್ಕೆ ನಿಮ್ಮ ಕಾರು ಈಗಲೇ ಲೀಲಾಜಾಲವಾಗಿ ಹೋಗುತ್ತದೆ. ಇನ್ನೊಂದು, ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿನ ವಿವರ ಕಂಪನಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿದರು. ದಂಡಕ್ಕಿಂತ ನನಗೆ ಹೆಚ್ಚು ಚಿಂತೆ ಇನ್ಶೂರೆನ್ಸ್‌ದು. ತಿಳಿಸದೆ ಮಾಡಿಸಿದ ಬದಲಾವಣೆ ಅಪಘಾತದ ಹೊತ್ತಿನಲ್ಲಿ ಬಯಲಾದರೆ ಕ್ಲೇಮ್ ತಿರಸ್ಕರಿಸಲು ಅದೊಂದು ಕಾರಣ ಸಾಕು. ದಿನಕ್ಕೆ 90 ಕಿಲೋಮೀಟರ್ ಓಡಾಡುವವರು ಆ ಅಪಾಯ ತಲೆಮೇಲೆ ಹೊರಬಾರದು.

ದೊಡ್ಡ ಸೈಲೆನ್ಸರ್ ಬೇಡವೇ ಬೇಡ. ಅಂಥವು ಹೈವೇ ವೇಗದಲ್ಲಿ, ಐದನೇ ಗೇರ್‌ನಲ್ಲಿ, ಕಿವಿಯ ಒಳಗೆ ಗುಂಯ್ ಅನ್ನುತ್ತಲೇ ಇರುತ್ತವೆ. ದಿನಾ ಎರಡು ಹೊತ್ತು ಅದನ್ನು ಕೇಳಿಸಿಕೊಂಡು ಮನೆಗೆ ಬಂದರೆ ತಲೆ ಸಿಡಿಯುತ್ತದೆ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿದರೆ ಹೊಗೆ ತಪಾಸಣೆಯಲ್ಲೂ ಸಿಕ್ಕಿಬೀಳುತ್ತೀರಿ, ಹಿಂದೆ ಬೈಕಿನಲ್ಲಿ ಬರುವವರು ಆ ಹೊಗೆ ಕುಡಿಯಬೇಕು.

ಹಾಗಾದರೆ ಖುಷಿಗೆ ಏನೂ ಇಲ್ಲವಾ? ಇದೆ. ನಾಲ್ಕೂ ಬಾಗಿಲಿನ ಒಳಗೆ ಡ್ಯಾಂಪಿಂಗ್ ಶೀಟ್ ಅಂಟಿಸಿ. ಬಾಗಿಲು ಹಾಕುವ ಸದ್ದೇ ಬದಲಾಗುತ್ತದೆ, ಟೈರ್ ಸದ್ದು ಕಡಿಮೆಯಾಗುತ್ತದೆ. ಡ್ರೈವರ್ ಸೀಟಿನ ಫೋಮ್ ಹೊಸದು ಮಾಡಿಸಿ. ಅಪ್ಪ ಕೂರುವ ಕಡೆಯೂ ಸ್ವಲ್ಪ ಗಟ್ಟಿ ಫೋಮ್ ಹಾಕಿಸಿದರೆ ಅವರಿಗೆ ಏಳಲು ಸುಲಭ. ಹೆಡ್‌ಲೈಟ್ ಹಳದಿಯಾಗಿದ್ದರೆ ಪಾಲಿಶ್ ಮಾಡಿಸಿ. ಗೇರ್ ಲಿಂಕೇಜ್‌ನ ಬುಶ್ ಬದಲಿಸಿದರೆ ಗೇರ್ ಬೀಳುವುದು ಬೆಣ್ಣೆಯಂತಾಗುತ್ತದೆ. ಎಸಿ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಕಬ್ಬಿನ ತರಗು ಸುಡುವ ಕಾಲದಲ್ಲಿ ನಮ್ಮ ಕಡೆಯ ಕಾರುಗಳಲ್ಲಿ ಅದು ಕಪ್ಪು ಬಟ್ಟೆಯಂತಾಗಿರುತ್ತದೆ.

ದುಡ್ಡಿನ ಹಂಚಿಕೆ ನನ್ನ ಅಂದಾಜಿನಲ್ಲಿ ಹೀಗೆ. ಟೈರಿಗೆ 30 ಸಾವಿರ, ಸಸ್ಪೆನ್ಷನ್‌ಗೆ 30, ಬ್ರೇಕ್‌ಗೆ 12, ಎಂಜಿನ್ ಮತ್ತು ಮೌಂಟ್ ಕೆಲಸಕ್ಕೆ 30 ಎತ್ತಿಡಿ. ಕ್ಲಚ್ ಬೇಕಾದರೆ ಅಂತ 20 ಮುಟ್ಟದೆ ಇಡಿ. ಉಳಿದ 28ರಲ್ಲಿ ಮೇಲೆ ಹೇಳಿದ ಖುಷಿಯ ಕೆಲಸ. ಎಲ್ಲ ಒಟ್ಟಿಗೆ ಮಾಡಿಸಬೇಡಿ. ಒಂದು ಕೆಲಸ ಮಾಡಿಸಿ, ಒಂದು ವಾರ ಓಡಿಸಿ, ಏನು ಬದಲಾಯಿತು ಅಂತ ಬರೆದಿಟ್ಟುಕೊಳ್ಳಿ, ಆಮೇಲೆ ಮುಂದಿನದು. ಯಾವುದು ಯಾವುದಕ್ಕೆ ಕಾರಣ ಅಂತ ಆಗಲೇ ತಿಳಿಯುವುದು. ಆರು ತಿಂಗಳ ನಂತರವೂ ರೀಮ್ಯಾಪ್ ಆಸೆ ಉಳಿದಿದ್ದರೆ ಇನ್ನೊಮ್ಮೆ ಬರೆಯಿರಿ, ಆಗ ಮಾತಾಡೋಣ.

ಸ್ಪಾರ್ಕ್ ಪ್ಲಗ್ ಬಿಚ್ಚಿದ ದಿನ ಮೂರನ್ನೂ ಸಿಲಿಂಡರ್‌ನ ಸಾಲಿನಲ್ಲೇ ಬಿಳಿ ಬಟ್ಟೆಯ ಮೇಲಿಟ್ಟು, ಬೆಳಕಿನಲ್ಲಿ ಫೋಟೊ ತೆಗೆದು ಕಳಿಸಿ. ಮೂರೂ ತೆಳು ಕಂದು ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಂದು ಮಾತ್ರ ಎಣ್ಣೆ ಹತ್ತಿ ಕಪ್ಪಗಿದ್ದರೆ, ಮಿಕ್ಕ ಕೆಲಸ ನಿಲ್ಲಿಸಿ ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸಿ.